ಮಳೆಗೆ ಗಡಿಯಿಲ್ಲ, ಚಿಗರಿಗೂ ಇಲ್ಲ

ಬೀದರ್ ಜಿಲ್ಲೆಯ ದಕ್ಷಿಣದಲ್ಲಿ ಬೇಮಳಖೇಡ ಇದೆ. ಹಿಂದೆ ಹುಮನಾಬಾದ್ ತಾಲ್ಲೂಕಿನಲ್ಲಿತ್ತು, ಈಗ ಚಿಟಗುಪ್ಪ ತಾಲ್ಲೂಕಿಗೆ ಸೇರಿದೆ. ಪೂರ್ವಕ್ಕೆ ನಡೆದರೆ ತೆಲಂಗಾಣ, ಪಶ್ಚಿಮಕ್ಕೆ ಬಸವಕಲ್ಯಾಣ ದಾಟಿದರೆ ಮಹಾರಾಷ್ಟ್ರ, ದಕ್ಷಿಣಕ್ಕೆ ಇಳಿದರೆ ಚಿಂಚೋಳಿಯ ಕಾಡು. ತೊಗರಿ, ಜೋಳ, ಹೆಸರು, ಉದ್ದು ಬೆಳೆಯುವ ಈ ಸೀಮೆಯ ಎತ್ತರದ ನೆಲಕ್ಕೆ ಒಂದು ವಿಶೇಷವಿದೆ. ಇಲ್ಲಿ ಮಳೆ ಎರಡು ಪಾಲಾಗುತ್ತದೆ. ಉತ್ತರದ ಇಳಿಜಾರಿಗೆ ಬಿದ್ದ ನೀರು ಕಾರಂಜಾ ನದಿಗೆ ಸೇರಿ, ಮಾಂಜ್ರಾ ಹಿಡಿದು, ತೆಲಂಗಾಣದ ಕಂದಕುರ್ತಿ ಬಳಿ ಗೋದಾವರಿಯಾಗುತ್ತದೆ. ದಕ್ಷಿಣದ ಇಳಿಜಾರಿಗೆ ಬಿದ್ದದ್ದು ಮುಲ್ಲಾಮಾರಿಯಂಥ ಹೊಳೆಗಳಲ್ಲಿ ಹರಿದು, ಕಾಗಿಣಾ ಮತ್ತು ಭೀಮಾ ದಾಟಿ ಕೃಷ್ಣೆಯಾಗುತ್ತದೆ.

ಈ ಎರಡೂ ಪಾಲಿಗೆ ಕಾನೂನಿನ ಲೆಕ್ಕವಿದೆ. 1969ರಲ್ಲಿ ಕೇಂದ್ರ ಸರ್ಕಾರ ಕೃಷ್ಣಾ ಮತ್ತು ಗೋದಾವರಿ ನದಿಗಳ ವಿವಾದಕ್ಕೆ ಎರಡು ನ್ಯಾಯಮಂಡಳಿಗಳನ್ನು ರಚಿಸಿತು. ಎರಡಕ್ಕೂ ಅಧ್ಯಕ್ಷರು ಒಬ್ಬರೇ, ನ್ಯಾಯಮೂರ್ತಿ ಆರ್.ಎಸ್. ಬಚಾವತ್. ಕೃಷ್ಣೆಯ ತೀರ್ಪು 1976ರಲ್ಲಿ, ಗೋದಾವರಿಯದು 1980ರಲ್ಲಿ ಅಂತಿಮವಾಯಿತು. ಯಾವ ರಾಜ್ಯ ಎಷ್ಟು ಟಿಎಂಸಿ ನೀರು ಬಳಸಬಹುದು ಎಂಬುದು ಅಂದಿನಿಂದ ಬರವಣಿಗೆಯಲ್ಲಿದೆ. ಆದರೆ ಆ ನೀರನ್ನು ಹಿಡಿದಿಡುವ ಹುಲ್ಲು, ಅದನ್ನು ಇಂಗಿಸುವ ಜಂಬಿಟ್ಟಿಗೆ ನೆಲ, ಅದರ ಮೇಲೆ ಬದುಕುವ ಚಿಗರಿ, ತೋಳ, ಕುರಿ ಮಂದೆ, ಕುರಿಗಾಹಿ ಇವರ ಬಗ್ಗೆ ನೆರೆಯ ರಾಜ್ಯಗಳ ನಡುವೆ ಇಂಥ ಒಪ್ಪಂದವೇನಿಲ್ಲ. ನೀರನ್ನು ಅಳೆದು ಹಂಚಿಕೊಳ್ಳಲು ಕಲಿತ ನಾವು, ನೀರಿನ ತವರನ್ನು ಒಟ್ಟಾಗಿ ನೋಡಿಕೊಳ್ಳಲು ಇನ್ನೂ ಕಲಿಯಬೇಕಿದೆ.

ಹಾಗೆ ಒಟ್ಟಾಗಿ ನೋಡಿಕೊಳ್ಳುವ ವಿದ್ಯೆಯನ್ನು ಜಗತ್ತು ಅರ್ಧ ಶತಮಾನದಿಂದ ಅಭ್ಯಾಸ ಮಾಡುತ್ತಿದೆ. ಅದರ ಹೆಸರು ಜೀವಗೋಳ ಮೀಸಲು. ಕರ್ನಾಟಕದಲ್ಲೂ ಅದಕ್ಕೊಂದು ದೊಡ್ಡ ನಿದರ್ಶನವಿದೆ. ಅದು ಎಲ್ಲಿ ಗೆದ್ದಿದೆ, ಎಲ್ಲಿ ಎಡವಿದೆ ಎಂಬುದನ್ನು ಅರಿತರೆ, ಬೇಮಳಖೇಡದಂಥ ಒಣ ಸೀಮೆಗೆ ಅದರಿಂದ ಏನು ಪಡೆಯಬಹುದು ಎಂಬುದೂ ತಿಳಿಯುತ್ತದೆ.

ಬೇಲಿಯಿಂದ ಬದುಕಿನ ಕಡೆಗೆ

1968ರ ಸೆಪ್ಟೆಂಬರ್‌ನಲ್ಲಿ ಯುನೆಸ್ಕೋ ಪ್ಯಾರಿಸ್ಸಿನಲ್ಲಿ ಜೀವಗೋಳದ ಕುರಿತು ಒಂದು ಸಮ್ಮೇಳನ ನಡೆಸಿತು. ಕಾಡಿಗೆ ಬೇಲಿ ಹಾಕಿ, ಜನರನ್ನು ಹೊರಗಿಟ್ಟು ಕಾಯುವುದೇ ಸಂರಕ್ಷಣೆ ಎಂದು ಬಹುಪಾಲು ಸರ್ಕಾರಗಳು ನಂಬಿದ್ದ ಕಾಲ ಅದು. ಸಮ್ಮೇಳನ ಬೇರೆ ದಿಕ್ಕು ತೋರಿಸಿತು. ನಿಸರ್ಗವನ್ನು ಬಳಸುತ್ತಲೇ ಉಳಿಸುವುದು ಹೇಗೆ ಎಂಬುದನ್ನು ವಿಜ್ಞಾನದ ಪ್ರಶ್ನೆಯಾಗಿ ಮುಂದಿಟ್ಟಿತು. 1971ರಲ್ಲಿ ‘ಮಾನವ ಮತ್ತು ಜೀವಗೋಳ’ ಕಾರ್ಯಕ್ರಮ ಆರಂಭವಾಯಿತು. 1976ರಲ್ಲಿ ಮೊದಲ ಜೀವಗೋಳ ಮೀಸಲುಗಳು ಪಟ್ಟಿಗೆ ಬಂದವು. 1995ರಲ್ಲಿ ಸ್ಪೇನಿನ ಸೆವಿಲ್ ನಗರದಲ್ಲಿ ಇವಕ್ಕೊಂದು ನಿಯಮಾವಳಿ ಸಿದ್ಧವಾಯಿತು. ಈಗ 130ಕ್ಕೂ ಹೆಚ್ಚು ದೇಶಗಳಲ್ಲಿ 700ಕ್ಕೂ ಮಿಕ್ಕಿ ಜೀವಗೋಳ ಮೀಸಲುಗಳಿವೆ. ಪ್ರತಿ ಹತ್ತು ವರ್ಷಕ್ಕೊಮ್ಮೆ ಪ್ರತಿಯೊಂದೂ ತನ್ನ ಕೆಲಸದ ಪರೀಕ್ಷೆಗೆ ಒಳಗಾಗಬೇಕು.

ಇವುಗಳ ರಚನೆ ನಮ್ಮ ದೊಡ್ಡ ದೇವಸ್ಥಾನಗಳನ್ನು ಹೋಲುತ್ತದೆ. ಗರ್ಭಗುಡಿಯಂತೆ ನಡುವಿನ ತಿರುಳು ವಲಯ. ಅಲ್ಲಿ ಕಾಡು ತನ್ನಷ್ಟಕ್ಕೆ ತಾನಿರುತ್ತದೆ. ಪ್ರಾಕಾರದಂತೆ ಅದರ ಸುತ್ತ ಬಫರ್ ವಲಯ. ಅಲ್ಲಿ ಸಂಶೋಧನೆ, ಮೇವು, ಕಿರು ಅರಣ್ಯ ಉತ್ಪನ್ನದಂಥ ಹಗುರ ಬಳಕೆಗೆ ಅವಕಾಶ. ಅದರಾಚೆಗೆ ಗುಡಿಯ ಸುತ್ತಲಿನ ಪೇಟೆಯಂತೆ ಸಂಕ್ರಮಣ ವಲಯ. ಊರು, ಹೊಲ, ಸಂತೆ ಎಲ್ಲವೂ ಅಲ್ಲಿವೆ. ಮೂರೂ ಸೇರಿ ಮೂರು ಕೆಲಸ ಮಾಡಬೇಕು: ಜೀವವೈವಿಧ್ಯವನ್ನು ಉಳಿಸುವುದು, ಜನರ ಜೀವನೋಪಾಯವನ್ನು ಬಾಳುವಂತೆ ಬೆಳೆಸುವುದು, ಎರಡಕ್ಕೂ ಬೇಕಾದ ಅರಿವನ್ನು ದೀರ್ಘ ಅಧ್ಯಯನದಿಂದ ಒದಗಿಸುವುದು.

ಈ ಮೂರನೆಯ ಕೆಲಸದಲ್ಲಿಯೇ ನೆರೆಹೊರೆಯ ಸಹಕಾರದ ಬೀಜವಿದೆ. ಕಾಡಿನ ಬದಲಾವಣೆ ಒಂದೆರಡು ವರ್ಷದಲ್ಲಿ ಕಾಣುವುದಿಲ್ಲ. ಒಂದೇ ವಿಧಾನದಲ್ಲಿ, ಒಂದೇ ಅಳತೆಯಲ್ಲಿ, ದಶಕಗಟ್ಟಲೆ ಎಣಿಸಿದರೆ ಮಾತ್ರ ಕಾಣುತ್ತದೆ. ಆ ಎಣಿಕೆ ಗಡಿಯಲ್ಲಿ ತುಂಡಾದರೆ ಬರುವ ಉತ್ತರವೂ ತುಂಡೇ.

ಮೂರು ರಾಜ್ಯಗಳ ಒಂದು ಕಾಡು

1986ರಲ್ಲಿ ಭಾರತದ ಮೊದಲ ಜೀವಗೋಳ ಮೀಸಲು ನೀಲಗಿರಿಯಲ್ಲಿ ಘೋಷಣೆಯಾಯಿತು. ವಿಸ್ತೀರ್ಣ 5,520 ಚದರ ಕಿಲೋಮೀಟರ್. ತಮಿಳುನಾಡಿನಲ್ಲಿ ಸುಮಾರು 2,538, ಕರ್ನಾಟಕದಲ್ಲಿ 1,527, ಕೇರಳದಲ್ಲಿ 1,455 ಚದರ ಕಿಲೋಮೀಟರ್. ಬಂಡೀಪುರ, ನಾಗರಹೊಳೆ, ಮುದುಮಲೈ, ವಯನಾಡು, ಸೈಲೆಂಟ್ ವ್ಯಾಲಿ ಇವೆಲ್ಲ ಅದರ ಭಾಗಗಳು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪರಿಸರ ವಿಜ್ಞಾನ ಕೇಂದ್ರವನ್ನು ಕಟ್ಟಿದ ಮಾಧವ ಗಾಡ್ಗೀಳ್ ಈ ಮೀಸಲಿನ ರೂಪರೇಷೆಯ ಹಿಂದಿದ್ದ ಪ್ರಮುಖರು. 2000ದಲ್ಲಿ ಇದು ಯುನೆಸ್ಕೋದ ಜಾಗತಿಕ ಜಾಲ ಸೇರಿತು. ಜೇನು ಕುರುಬ, ಬೆಟ್ಟ ಕುರುಬ, ಪಣಿಯ, ಇರುಳ, ತೋಡ, ಕೋತ, ಬಡಗ ಸಮುದಾಯಗಳ ನೆಲೆಯೂ ಇದೇ.

ಇಲ್ಲಿನ ಆನೆಯ ಒಂದು ವರ್ಷವನ್ನು ಗಮನಿಸಿ. ಮಳೆಗಾಲದ ಆರಂಭದಲ್ಲಿ ಎಳೆ ಹುಲ್ಲಿನಲ್ಲಿ ಪ್ರೋಟೀನ್ ಹೆಚ್ಚು. ಆನೆಗಳು ಹುಲ್ಲು ಮೇಯುತ್ತ ಚದುರುತ್ತವೆ. ಹುಲ್ಲು ಬಲಿತು ಒಣಗಿದ ಮೇಲೆ ಅದರ ಸತ್ವ ಇಳಿಯುತ್ತದೆ. ಆಗ ಎಲೆ, ತೊಗಟೆ, ಬಿದಿರಿನ ಕಡೆಗೆ ತಿರುಗುತ್ತವೆ. ಬೇಸಿಗೆಯಲ್ಲಿ ಕಬಿನಿ ಹಿನ್ನೀರಿನ ದಡದಲ್ಲಿ, ಮೊಯಾರ್ ನದಿಯ ಕಣಿವೆಯಲ್ಲಿ ಗುಂಪುಗಟ್ಟುತ್ತವೆ. ಆನೆಗಳ ಕುರಿತು ದಶಕಗಳ ಕಾಲ ಅಧ್ಯಯನ ಮಾಡಿದ ರಾಮನ್ ಸುಕುಮಾರ್ ಈ ಋತುಚಕ್ರವನ್ನು ಬಿಡಿಸಿ ತೋರಿಸಿದರು. ಒಂದು ಗುಂಪು ಓಡಾಡುವ ನೆಲ ಹಲವು ನೂರು ಚದರ ಕಿಲೋಮೀಟರ್. ಅಂದರೆ ಒಂದೇ ಆನೆ ಒಂದೇ ವರ್ಷದಲ್ಲಿ ಮೂರು ಅರಣ್ಯ ಇಲಾಖೆಗಳ ಪ್ರಜೆ. ಅದು ಕುಡಿಯುವ ಕಬಿನಿಯ ನೀರು ಹುಟ್ಟುವುದು ವಯನಾಡಿನಲ್ಲಿ, ಅಣೆಕಟ್ಟಿನ ಹಿಂದೆ ನಿಲ್ಲುವುದು ಕರ್ನಾಟಕದಲ್ಲಿ, ಮುಂದೆ ಕಾವೇರಿಯಾಗಿ ಸೇರುವುದು ತಮಿಳುನಾಡನ್ನು.

ಆದರೆ ಆಡಳಿತ ಆನೆಯ ಹೆಜ್ಜೆಯನ್ನು ಅನುಸರಿಸಲಿಲ್ಲ. ನಮ್ಮ ದೇಶದಲ್ಲಿ ಜೀವಗೋಳ ಮೀಸಲಿಗೆಂದೇ ಪ್ರತ್ಯೇಕ ಕಾನೂನಿಲ್ಲ. ಅದರೊಳಗಿನ ರಾಷ್ಟ್ರೀಯ ಉದ್ಯಾನ, ವನ್ಯಧಾಮಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಬಲವಿದೆ. ಉಳಿದದ್ದು ಯೋಜನೆ, ಅನುದಾನ ಮತ್ತು ಒಳ್ಳೆಯ ಮನಸ್ಸಿನ ಮೇಲೆ ನಿಂತಿದೆ. ಹೀಗಾಗಿ ನಕಾಶೆಯಲ್ಲಿ ಒಂದಾದ ನೀಲಗಿರಿ, ಕಡತದಲ್ಲಿ ಮೂರಾಗಿ ಉಳಿಯಿತು.

ಇದರ ಬೆಲೆ ಎಷ್ಟೆಂಬುದು 2024ರ ಫೆಬ್ರುವರಿಯಲ್ಲಿ ಕಂಡಿತು. ಹಾಸನ ಜಿಲ್ಲೆಯ ಬೇಲೂರು ಭಾಗದಲ್ಲಿ ಹಾವಳಿ ಮಾಡುತ್ತಿದ್ದ ದಂತವಿಲ್ಲದ ಗಂಡಾನೆಯೊಂದನ್ನು ಅದಕ್ಕೂ ಕೆಲವು ತಿಂಗಳ ಮೊದಲು ಹಿಡಿದು, ರೇಡಿಯೊ ಕಾಲರ್ ತೊಡಿಸಿ, ಬಂಡೀಪುರದ ಮೂಲೆಹೊಳೆ ಕಾಡಿಗೆ ಬಿಡಲಾಗಿತ್ತು. ಆನೆ ಕೇರಳಕ್ಕೆ ನಡೆಯಿತು. ಫೆಬ್ರುವರಿ 10ರಂದು ವಯನಾಡಿನ ಮಾನಂತವಾಡಿ ಬಳಿ ರೈತರೊಬ್ಬರನ್ನು ಕೊಂದಿತು. ಕಾಲರಿನ ಸಂಕೇತ ಸಕಾಲಕ್ಕೆ ಸಿಗಲಿಲ್ಲವೆಂದು ಕೇರಳದಲ್ಲಿ ಆಕ್ರೋಶ ಎದ್ದಿತು. ಆನೆಯ ಕುತ್ತಿಗೆಯಲ್ಲಿ ಉಪಗ್ರಹದೊಡನೆ ಮಾತಾಡುವ ಯಂತ್ರವಿತ್ತು. ಅದು ಹೇಳಿದ್ದು ಪಕ್ಕದ ರಾಜ್ಯದ ಹಳ್ಳಿಗೆ ತಲುಪುವ ದಾರಿ ಸಿದ್ಧವಿರಲಿಲ್ಲ. ತಂತ್ರಜ್ಞಾನ ಬಂದಷ್ಟು ಬೇಗ ನೆರೆತನ ಬಂದಿರಲಿಲ್ಲ.

ಸರಿಯಾಗಿ ಒಂದು ತಿಂಗಳ ಬಳಿಕ, ಮಾರ್ಚ್ 10ರಂದು, ಬಂಡೀಪುರದಲ್ಲಿ ಮೂರೂ ರಾಜ್ಯಗಳ ಪ್ರತಿನಿಧಿಗಳು ಕೂತರು. ಸಂಘರ್ಷದ ತಾಣಗಳನ್ನು ಗುರುತಿಸುವುದು, ಮಾಹಿತಿ ಹಂಚಿಕೊಳ್ಳುವುದು, ಪರಿಣತಿ ಮತ್ತು ಸಲಕರಣೆಗಳಲ್ಲಿ ನೆರವಾಗುವುದು, ಕಾರ್ಯಾಚರಣೆಯಲ್ಲಿ ವಿಳಂಬ ತಪ್ಪಿಸುವುದು ಇವುಗಳ ಕುರಿತ ಸಹಕಾರ ಸನ್ನದಿಗೆ ಕರ್ನಾಟಕ ಮತ್ತು ಕೇರಳದ ಅರಣ್ಯ ಸಚಿವರು ಸಹಿ ಹಾಕಿದರು. ಅದೇ ವರ್ಷದ ಮೇ 23ರಿಂದ 25ರವರೆಗೆ ದಕ್ಷಿಣದ ರಾಜ್ಯಗಳು ಏಕಕಾಲಕ್ಕೆ ಆನೆ ಗಣತಿ ನಡೆಸಿದವು. ಏಕಕಾಲ ಎಂಬುದು ಇಲ್ಲಿ ಮುಖ್ಯ. ಸೋಮವಾರ ನಾಗರಹೊಳೆಯಲ್ಲಿ ಎಣಿಸಿದ ಹಿಂಡು ಬುಧವಾರ ವಯನಾಡಿನಲ್ಲಿ ಮತ್ತೆ ಎಣಿಕೆಗೆ ಸಿಕ್ಕರೆ ಒಂದು ಆನೆ ಎರಡಾಗುತ್ತದೆ. ಒಂದೇ ದಿನ ಎಲ್ಲ ಕಡೆ ಎಣಿಸಿದರೆ ಮಾತ್ರ ಆ ತಪ್ಪು ತಪ್ಪುತ್ತದೆ. ಸಹಕಾರವೇ ಇಲ್ಲಿ ವಿಜ್ಞಾನದ ಉಪಕರಣ.

ಎಲ್ಲದಕ್ಕೂ ಒಪ್ಪಿಗೆ ಸಿಕ್ಕಿಲ್ಲ. ಬಂಡೀಪುರದ ಮೂಲಕ ಕೇರಳಕ್ಕೂ ತಮಿಳುನಾಡಿಗೂ ಹೋಗುವ ಹೆದ್ದಾರಿಗಳಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ನಿರ್ಬಂಧವಿದೆ. 2010ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ರಾತ್ರಿ ರಸ್ತೆ ದಾಟುವ ಜಿಂಕೆ, ಹುಲಿ, ಆನೆಗಳಿಗೆ ಆ ಒಂಬತ್ತು ಗಂಟೆ ಜೀವದಾನ. ವಯನಾಡಿನ ತರಕಾರಿ ವ್ಯಾಪಾರಿಗೆ, ಆಸ್ಪತ್ರೆಗೆ ಹೊರಟ ಕುಟುಂಬಕ್ಕೆ ಅದು ಸುತ್ತು ದಾರಿ. ಎರಡೂ ನಿಜ. ಜೀವಗೋಳ ಮೀಸಲಿನ ಮೂಲ ತತ್ವ ಎರಡನ್ನೂ ಒಂದೇ ಮೇಜಿಗೆ ತರಬೇಕೆನ್ನುತ್ತದೆ. ಲಾಭ ಇಡೀ ನಾಡಿಗೆ, ನಷ್ಟ ಗಡಿಯ ಒಂದು ಬದಿಗೆ ಎಂಬ ಭಾವನೆ ಉಳಿದಷ್ಟು ದಿನ ಯಾವ ಸಂರಕ್ಷಣೆಯೂ ಗಟ್ಟಿಯಾಗದು.

ದೇಶಗಳು ಕೈಜೋಡಿಸಿದಾಗ

ರಾಜ್ಯಗಳ ನಡುವೆಯೇ ಇಷ್ಟು ಕಷ್ಟವಾದರೆ, ಸೇನೆ ಕಾಯುವ ಗಡಿಗಳಲ್ಲಿ ಇದು ಸಾಧ್ಯವೇ? ಸಾಧ್ಯವೆಂದು ಯುರೋಪ್ ತೋರಿಸಿದೆ. 1992ರಲ್ಲಿ ಪೋಲೆಂಡ್ ತನ್ನ ನೆರೆಯವರೊಡನೆ ಹಂಚಿಕೊಂಡ ತಾತ್ರಾದಂಥ ಪರ್ವತಗಳು ಗಡಿಯಾಚೆಗೂ ಚಾಚಿದ ಮೊದಲ ಜೀವಗೋಳ ಮೀಸಲುಗಳಾದವು. 2000ದಲ್ಲಿ ಸ್ಪೇನಿನ ಪಾಂಪ್ಲೋನಾದಲ್ಲಿ ಸೇರಿದ ತಜ್ಞರು ಇಂಥ ಮೀಸಲುಗಳಿಗೆ ಶಿಫಾರಸು ರೂಪಿಸಿದರು: ವಲಯಗಳ ಗುರುತು ಎರಡೂ ಕಡೆ ಹೊಂದಬೇಕು, ಜಂಟಿ ಸಮಿತಿ ಇರಬೇಕು, ದಿನನಿತ್ಯದ ಕೆಲಸಕ್ಕೆ ಇಬ್ಬರಿಗೂ ಸೇರಿದ ಒಂದು ಕಚೇರಿ ಇರಬೇಕು.

ಮುರಾ, ದ್ರಾವಾ, ಡ್ಯಾನ್ಯೂಬ್ ನದಿಗಳ ಕತೆ ನಮಗೆ ಹೆಚ್ಚು ಹತ್ತಿರದ್ದು, ಏಕೆಂದರೆ ಅದು ನದಿಯ ಕತೆ. ಆಸ್ಟ್ರಿಯಾ, ಸ್ಲೊವೇನಿಯಾ, ಕ್ರೊಯೇಷಿಯಾ, ಹಂಗೇರಿ, ಸರ್ಬಿಯಾ ದೇಶಗಳ ನಡುವೆ ಹರಿಯುವ ಈ ನದಿಗಳು ದಶಕಗಳ ಕಾಲ ಶೀತಲ ಯುದ್ಧದ ಗಡಿಯಾಗಿದ್ದವು. 2011ರಲ್ಲಿ ಐದೂ ದೇಶಗಳ ಸಚಿವರು ಒಂದು ಜಂಟಿ ಘೋಷಣೆಗೆ ಸಹಿ ಹಾಕಿದರು. ಐದೂ ಒಮ್ಮೆಗೇ ಸಿದ್ಧವಾಗಲೆಂದು ಯಾರೂ ಕಾಯಲಿಲ್ಲ. 2012ರಲ್ಲಿ ಕ್ರೊಯೇಷಿಯಾ ಮತ್ತು ಹಂಗೇರಿಯ ಪಾಲು, 2017ರಲ್ಲಿ ಸರ್ಬಿಯಾದ್ದು, 2018ರಲ್ಲಿ ಸ್ಲೊವೇನಿಯಾದ್ದು, 2019ರಲ್ಲಿ ಆಸ್ಟ್ರಿಯಾದ್ದು ಮಾನ್ಯತೆ ಪಡೆದವು. 2021ರ ಸೆಪ್ಟೆಂಬರ್‌ನಲ್ಲಿ ಎಲ್ಲ ಸೇರಿ ಸುಮಾರು 9.3 ಲಕ್ಷ ಹೆಕ್ಟೇರ್‌ಗಳ ಒಂದೇ ಮೀಸಲಾಯಿತು. ಐದು ದೇಶಗಳು ಹಂಚಿಕೊಂಡ ಜಗತ್ತಿನ ಮೊದಲ ಜೀವಗೋಳ ಮೀಸಲು ಅದು. ಪ್ರತಿಯೊಬ್ಬರೂ ತಮ್ಮ ನೆಲದಲ್ಲಿ ಕೆಲಸ ಮುಗಿಸುತ್ತ, ನೆರೆಯವರಿಗೆ ಜಾಗ ಬಿಟ್ಟುಕೊಂಡು ಬಂದದ್ದೇ ಅದರ ಯಶಸ್ಸಿನ ದಾರಿ.

ನಮ್ಮ ಉಪಖಂಡದಲ್ಲಿ ಸುಂದರಬನ ಇದೆ. ಸುಮಾರು 10,000 ಚದರ ಕಿಲೋಮೀಟರಿನ ಈ ಕಾಂಡ್ಲಾ ಕಾಡಿನಲ್ಲಿ ಆರು ಪಾಲು ಬಾಂಗ್ಲಾದೇಶದ್ದು, ನಾಲ್ಕು ಪಾಲು ಭಾರತದ್ದು. ಭಾರತದ ಭಾಗ 2001ರಲ್ಲಿ ಯುನೆಸ್ಕೋದ ಜೀವಗೋಳ ಜಾಲ ಸೇರಿತು. ಬಾಂಗ್ಲಾದ ಭಾಗ 1997ರಲ್ಲೇ ವಿಶ್ವ ಪರಂಪರೆಯ ತಾಣವಾಗಿತ್ತು. 2011ರಲ್ಲಿ ಎರಡೂ ದೇಶಗಳು ಸುಂದರಬನ ಸಂರಕ್ಷಣೆಗೆಂದು ತಿಳಿವಳಿಕೆ ಪತ್ರಕ್ಕೆ ಸಹಿ ಹಾಕಿದವು. ಹುಲಿ ಈಜಿ ದಾಟುವ ನದಿಗಳಿವು. ಉಪ್ಪು ನೀರು ಮೇಲೇರಿದರೆ ಎರಡೂ ದಡದ ಮರ ಒಣಗುತ್ತದೆ.

ಇಂಥ ಕೆಲಸಕ್ಕೆ ವೇದಿಕೆಯಾಗಲೆಂದು 2002ರಲ್ಲಿ ದಕ್ಷಿಣ ಮತ್ತು ಮಧ್ಯ ಏಷ್ಯಾದ ದೇಶಗಳು ‘ಸಾಕಮ್’ ಎಂಬ ಜಾಲ ಕಟ್ಟಿಕೊಂಡವು. ಭಾರತ, ಶ್ರೀಲಂಕಾ, ನೇಪಾಳ, ಬಾಂಗ್ಲಾದೇಶ, ಪಾಕಿಸ್ತಾನ, ಇರಾನ್, ಕಜಕಿಸ್ತಾನ ಮೊದಲಾದವು ಅದರಲ್ಲಿವೆ. 2023ರ ನವೆಂಬರ್ 1ರಿಂದ 3ರವರೆಗೆ ಅದರ ಹತ್ತನೆಯ ಸಭೆ ಚೆನ್ನೈನಲ್ಲಿ ನಡೆಯಿತು. ನವೆಂಬರ್ 3 ಅಂತರರಾಷ್ಟ್ರೀಯ ಜೀವಗೋಳ ಮೀಸಲು ದಿನ. ಹಿಮಾಲಯದ ಪರ್ವತ ರಾಷ್ಟ್ರಗಳೂ ಹಿಂದೂ ಮಹಾಸಾಗರದ ದ್ವೀಪಗಳೂ ಒಂದೇ ಜಾಲದಲ್ಲಿ ಇರುವುದಕ್ಕೆ ಅರ್ಥವಿದೆ: ಹಿಮ ಕರಗುವುದು ಒಂದು ದೇಶದಲ್ಲಿ, ಕಡಲು ಏರುವುದು ಇನ್ನೊಂದರಲ್ಲಿ.

ಹುಲ್ಲುಗಾವಲಿನ ಪಾಠ

ಬೇಮಳಖೇಡದ ಓದುಗರಿಗೆ ಈ ಜಾಲದಲ್ಲಿ ಅತಿ ಹತ್ತಿರದ ಬಂಧು ಯಾರು? ಸಾವಿರಾರು ಕಿಲೋಮೀಟರ್ ದೂರದ ಕಜಕಿಸ್ತಾನ ಎಂದು ನಾನು ಹೇಳುತ್ತೇನೆ. ಅಲ್ಲಿನ ವಿಶಾಲ ಹುಲ್ಲುಗಾವಲಿನಲ್ಲಿ ಸೈಗಾ ಎಂಬ ಪ್ರಾಣಿಯಿದೆ. ಊದಿದ ಮೂಗಿನ, ಹಿಂಡು ಕಟ್ಟಿ ವಲಸೆ ಹೋಗುವ, ನಮ್ಮ ಚಿಗರಿಯ ದೂರದ ಸಂಬಂಧಿ. ಅದು ಮೇಯುವ ಸೀಮೆಗೆ ಸೇರಿದ ಕೊರ್ಗಾಲ್ಜಿನ್ 2012ರಲ್ಲಿ ಜೀವಗೋಳ ಮೀಸಲಾಯಿತು. 2015ರ ಮೇ ತಿಂಗಳಲ್ಲಿ, ಮರಿ ಹಾಕುವ ಕಾಲದಲ್ಲಿ, ಮೂರೇ ವಾರಗಳಲ್ಲಿ 2 ಲಕ್ಷಕ್ಕೂ ಹೆಚ್ಚು ಸೈಗಾಗಳು ಸತ್ತವು.

ಕಾರಣ ಪಾಶ್ಚುರೆಲ್ಲಾ ಎಂಬ ಬ್ಯಾಕ್ಟೀರಿಯಾ. ಸಾಮಾನ್ಯವಾಗಿ ಅದು ಪ್ರಾಣಿಯ ಗಂಟಲಲ್ಲಿ ಕೇಡು ಮಾಡದೆ ಇರುತ್ತದೆ. ಆ ವರ್ಷ ಎಂದಿಲ್ಲದ ಬೆಚ್ಚನೆಯ, ತೇವದ ಹವೆ ಬಂದಾಗ ಅದು ರಕ್ತಕ್ಕೆ ನುಗ್ಗಿತು. ನಮ್ಮ ರೈತರಿಗೆ ಈ ಬ್ಯಾಕ್ಟೀರಿಯಾ ಅಪರಿಚಿತವಲ್ಲ. ದನ, ಎಮ್ಮೆಗಳಿಗೆ ಮಳೆಗಾಲಕ್ಕೆ ಮುಂಚೆ ಚುಚ್ಚುಮದ್ದು ಹಾಕಿಸುವ ಗಳಲೆ ರೋಗಕ್ಕೂ ಕಾರಣ ಇದೇ. ಹವಾಮಾನ ಬದಲಾದಾಗ ಮನೆಯ ಹಟ್ಟಿಯಲ್ಲಿ ಕಂಡ ರೋಗ ಕಾಡಿನಲ್ಲೂ ಕಾಣಬಹುದು, ಒಂದು ದೇಶದಲ್ಲಿ ಕಂಡದ್ದು ಇನ್ನೊಂದರಲ್ಲೂ ಕಾಣಬಹುದು.

ಸೈಗಾ ಮತ್ತೆ ಎದ್ದು ನಿಂತಿತು. ವಲಸೆ ಪ್ರಾಣಿಗಳ ಒಡಂಬಡಿಕೆಯಡಿ 2006ರಲ್ಲಿ ಜಾರಿಗೆ ಬಂದ ತಿಳಿವಳಿಕೆ ಪತ್ರದಲ್ಲಿ ಕಜಕಿಸ್ತಾನ, ಉಜ್ಬೇಕಿಸ್ತಾನ, ತುರ್ಕಮೆನಿಸ್ತಾನಗಳು, ಬಳಿಕ ರಷ್ಯಾ ಮತ್ತು ಮಂಗೋಲಿಯಾ ಕೈಜೋಡಿಸಿದ್ದವು. ಬೇಟೆಯ ತಡೆ, ಕೊಂಬಿನ ಕಳ್ಳಸಾಗಣೆಯ ಮೇಲೆ ಕಣ್ಣು, ಪ್ರತಿ ವಸಂತದ ವೈಮಾನಿಕ ಎಣಿಕೆ ಸತತವಾಗಿ ನಡೆದವು. 2022ರ ಎಣಿಕೆಯಲ್ಲಿ ಕಜಕಿಸ್ತಾನದಲ್ಲಿ 13 ಲಕ್ಷ ಸೈಗಾ ಕಂಡವು. 2023ರ ಡಿಸೆಂಬರ್‌ನಲ್ಲಿ ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟ (ಐಯುಸಿಎನ್) ಅದನ್ನು ‘ತೀವ್ರ ಅಪಾಯ’ದ ಪಟ್ಟಿಯಿಂದ ‘ಅಪಾಯದ ಸಮೀಪ’ಕ್ಕೆ ಇಳಿಸಿತು.

ಇಂಥ ಸಹಕಾರಕ್ಕೆ ಬೇಕಾದ ನೆಲ ನಮ್ಮಲ್ಲೂ ಇದೆ. ಚಿಂಚೋಳಿಯ 134.88 ಚದರ ಕಿಲೋಮೀಟರ್ ಕಾಡು 2011ರಲ್ಲಿ ವನ್ಯಧಾಮವಾಯಿತು. ದಕ್ಷಿಣ ಭಾರತದ ಮೊದಲ ಒಣಭೂಮಿ ವನ್ಯಧಾಮವೆಂದು ಅದು ಹೆಸರಾಗಿದೆ. ಅದರ ಪೂರ್ವದಲ್ಲಿ ತೆಲಂಗಾಣ. ಮಾಂಜ್ರಾ ನದಿ ಗಡಿ ದಾಟಿ ಸಂಗಾರೆಡ್ಡಿ ಸೀಮೆಗೆ ಹೋದರೆ, ಅಲ್ಲಿ ಅದೇ ನೀರಿನಲ್ಲಿ ಮೊಸಳೆಗಳ ವನ್ಯಧಾಮವಿದೆ. ಬೀದರ್, ಹುಮನಾಬಾದ್ ಭಾಗದ ಬಯಲುಗಳಲ್ಲಿ ಚಿಗರಿಗಳಿವೆ. ತೊಗರಿ, ಸೋಯಾ ಬೆಳೆ ಮೇಯುತ್ತವೆಂಬ ರೈತರ ದೂರೂ ಇದೆ. ಕಂದಾಯ ದಾಖಲೆಯಲ್ಲಿ ಎಷ್ಟೋ ಹುಲ್ಲುಗಾವಲು ‘ಬಂಜರು’ ಎಂದು ಬರೆಯಲ್ಪಟ್ಟಿದೆ. ಕುರಿಗಾಹಿಗೆ ಅದು ಮೇವು, ಚಿಗರಿಗೆ ಮನೆ, ಜಂಬಿಟ್ಟಿಗೆ ನೆಲಕ್ಕೆ ಹೊದಿಕೆ. ಈ ನೆಲದಲ್ಲಿ ಮಳೆ ರಂಧ್ರಗಳ ಮೂಲಕ ಇಳಿದು, ಅಡಿಯ ಜೇಡಿ ಪದರದ ಮೇಲೆ ಜಾರಿ, ದಿಣ್ಣೆಯ ಅಂಚಿನಲ್ಲಿ ಝರಿಯಾಗಿ ಹೊರಬರುತ್ತದೆ. ಬೀದರಿನ ನಾನಕ್ ಝೀರಾ, ನರಸಿಂಹ ಝರಣಿಗಳಿಗೂ, ಬಹಮನಿ ಕಾಲದ ನೌಬಾದ್ ಕರೇಜ್ ಎಂಬ ಸುರಂಗ ನಾಲೆಗೂ ಈ ರಚನೆಯೇ ಆಧಾರ. ಮೇಲಿನ ಹುಲ್ಲು ಕಿತ್ತರೆ ಕೆಳಗಿನ ಝರಿ ಬತ್ತುತ್ತದೆ.

ಇದು ಒಂದೇ ನಾಡಾಗಿತ್ತು ಎಂಬುದಕ್ಕೆ ಇತಿಹಾಸದ ಸಾಕ್ಷಿಯೂ ಇದೆ. 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯದ ಬೀದರ್ ಜಿಲ್ಲೆಯಲ್ಲಿ ಉದಗಿರ್, ನಿಲಂಗಾಗಳೂ ಇದ್ದವು, ಜಹೀರಾಬಾದ್, ನಾರಾಯಣಖೇಡಗಳೂ ಇದ್ದವು. ಭಾಷಾವಾರು ವಿಂಗಡಣೆಯಲ್ಲಿ ಅವು ಮೂರು ರಾಜ್ಯಗಳಿಗೆ ಹಂಚಿಹೋದವು. ಜನರಿಗೆ ಅದು ನ್ಯಾಯವೇ. ಆದರೆ ಜಿಲ್ಲೆ ಒಡೆದರೂ ಕಣಿವೆ ಒಡೆಯಲಿಲ್ಲ. ಇಂದಿಗೂ ನೆಂಟಸ್ತಿಕೆ, ಸಂತೆ, ಜಾತ್ರೆ, ಕುರಿ ಮಂದೆಯ ದಾರಿ ಗಡಿಯಾಚೆಗೂ ಹಬ್ಬಿವೆ.

ಯುನೆಸ್ಕೋ ಫಲಕ ಇಲ್ಲಿಗೆ ಬರಬೇಕೆಂದು ಕಾಯಬೇಕಿಲ್ಲ. ಬಂಡೀಪುರ, ಡ್ಯಾನ್ಯೂಬ್, ಕಜಕಿಸ್ತಾನ ಮೂರೂ ಕಲಿಸುವ ಪಾಠ ಒಂದೇ: ಸಹಕಾರದ ಬಲ ಅದರ ಅತಿ ಚಿಕ್ಕ, ಅತಿ ನಿಯಮಿತ ಕೆಲಸಗಳಲ್ಲಿದೆ. ಬೀದರ್, ಕಲಬುರಗಿ, ಸಂಗಾರೆಡ್ಡಿ, ವಿಕಾರಾಬಾದ್, ಲಾತೂರು ಜಿಲ್ಲೆಗಳ ಅರಣ್ಯ ಸಿಬ್ಬಂದಿ ವರ್ಷಕ್ಕೊಮ್ಮೆ ಒಂದೇ ದಿನ, ಒಂದೇ ವಿಧಾನದಲ್ಲಿ ಚಿಗರಿ ಎಣಿಸಲಿ. ಗಳಲೆ ರೋಗಕ್ಕೂ ಕುರಿಗಳ ಹಿರೇಬೇನೆಗೂ ಗಡಿಯ ಎರಡೂ ಬದಿಯ ಪಶುವೈದ್ಯರು ಒಂದೇ ವಾರ ಲಸಿಕೆ ಹಾಕಲಿ. ಮಂದೆಗಳು ದಾಟುವ ಹೊತ್ತಿಗೆ ಇಬ್ಬರ ಕೆಲಸವೂ ಮುಗಿದಿರಲಿ. ಬೇಸಿಗೆಯ ಬೆಂಕಿ ಕಂಡ ಕಾವಲುಗಾರನ ಫೋನಿನಲ್ಲಿ ಪಕ್ಕದ ರಾಜ್ಯದ ಕಾವಲುಗಾರನ ನಂಬರ್ ಇರಲಿ. ಬೆಳೆ ಕಳೆದುಕೊಂಡ ರೈತನಿಗೆ ಪರಿಹಾರದ ದರ ಗಡಿಯ ಎರಡೂ ಕಡೆ ಸಮವಾಗಿರಲಿ. ಈ ಯೋಜನೆಯ ಮೊದಲ ಸಭೆಗೆ ಕುರಿಗಾಹಿಯನ್ನೂ ತಾಂಡಾದ ಹಿರಿಯರನ್ನೂ ಕರೆಯಲಿ, ಏಕೆಂದರೆ ಈ ಹುಲ್ಲಿನ ದಾರಿಗಳನ್ನು ಅವರಷ್ಟು ಬಲ್ಲವರು ಕಡಿಮೆ.

ಇವುಗಳಲ್ಲಿ ಯಾವುದಕ್ಕೂ ಹೊಸ ಕಾನೂನು ಬೇಡ, ದೊಡ್ಡ ಹಣವೂ ಬೇಡ. ಬೇಕಿರುವುದು ಐದು ಜಿಲ್ಲೆಗಳ ಅಧಿಕಾರಿಗಳು ವರ್ಷಕ್ಕೆರಡು ಬಾರಿ ಒಂದೇ ಕೋಣೆಯಲ್ಲಿ ಕೂರುವ ಅಭ್ಯಾಸ. ನೀರಿನ ಪಾಲನ್ನು ನಿರ್ಧರಿಸಲು ಎರಡು ನ್ಯಾಯಮಂಡಳಿಗಳಿಗೆ ಹತ್ತು ವರ್ಷಕ್ಕೂ ಹೆಚ್ಚು ಕಾಲ ಕೊಟ್ಟ ನಾವು, ಆ ನೀರಿನ ತವರಿಗಾಗಿ ಒಂದು ಕ್ಯಾಲೆಂಡರ್ ಹಂಚಿಕೊಳ್ಳಬಲ್ಲೆವು. ಅದನ್ನು ಈ ವರ್ಷವೇ ಶುರುಮಾಡಬಹುದು.